ಬಂಡೆ, ಮಂಜುಗಡ್ಡೆ ಮತ್ತು ಹಗ್ಗ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಬಂಡೆ ಹೊಸ ಪದಾರ್ಥವೇನೂ ಅಲ್ಲ. ಆದಿಚುಂಚನಗಿರಿ, ಮೇಲುಕೋಟೆ, ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗ, ಶ್ರೀರಂಗಪಟ್ಟಣದ ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ, ಹೀಗೆ ಯಾವ ದಿಕ್ಕಿಗೆ ಹೊರಟರೂ ಕಲ್ಲಿನ ಬೆಟ್ಟವೊಂದರ ಬುಡವನ್ನು ಅರ್ಧ ದಿನದೊಳಗೆ ಮುಟ್ಟಬಹುದು. ಇವುಗಳಲ್ಲಿ ಕುಂತಿಬೆಟ್ಟದ ಬೋಳುಬಂಡೆಗಳು ಬಹುಕಾಲದಿಂದ ಹೆಸರಾದವು. ವನವಾಸದ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದು ಸ್ಥಳಪುರಾಣ ಹೇಳುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಈ ಬಂಡೆಗಳ ಬಳಿ ಬೀಡುಬಿಟ್ಟಿದ್ದ ಕಾರಣ ಇಂಗ್ಲಿಷರು ಊರನ್ನೇ ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಈಗ ಶನಿವಾರ ಭಾನುವಾರ ಬಂದರೆ ಇಲ್ಲಿಗೂ ರಾಮನಗರದ ಬೆಟ್ಟಗಳಿಗೂ ಬೆಂಗಳೂರು ಮೈಸೂರುಗಳಿಂದ ತರುಣರ ತಂಡಗಳು ಬರುತ್ತವೆ. ಕೆಲವರು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ರಾಮನಗರದಲ್ಲಿ, ಹಗ್ಗ ಕಟ್ಟಿಕೊಂಡು ನೆಟ್ಟಗಿನ ಬಂಡೆಯನ್ನೇ ಏರುವುದನ್ನು ಅಭ್ಯಾಸ ಮಾಡುತ್ತಾರೆ.

ಇಂಥ ತಂಡಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಜನರಿರುತ್ತಾರೆ: ಮೊದಲ ಸಲ ಬಂದ ಹೊಸಬರು, ಹಲವು ವರ್ಷ ಪಳಗಿದವರು. ಎರಡು ದಿನದ ಅವಧಿಯಲ್ಲಿ ಇಬ್ಬರೂ ಒಂದೇ ಬಂಡೆಯನ್ನು, ಒಂದೇ ಹಗ್ಗದ ಸಹಾಯದಿಂದ ಹತ್ತುತ್ತಾರೆ. ಇವರಿಬ್ಬರಲ್ಲಿ ಹೆಚ್ಚು ಅಪಾಯ ಯಾರಿಗೆ? ಕೆಳಗೆ ನಿಂತು ನೋಡುವವರೆಲ್ಲ ‘ಹೊಸಬನಿಗೆ’ ಎಂದೇ ಹೇಳುತ್ತಾರೆ. ಏರ್ಪಾಟು ಸರಿಯಾಗಿದ್ದಲ್ಲಿ ಈ ಉತ್ತರ ತಪ್ಪು. ಅದೇಕೆ ತಪ್ಪೆಂಬುದನ್ನು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ತೋರಿಸಬಹುದು. ಹಾಗೆ ತೋರಿಸಲು ಹೊರಟಾಗ ನಮಗೆ ಬಂಡೆಗಿಂತಲೂ ಮಂಜುಗಡ್ಡೆ ಹೆಚ್ಚು ಉಪಕಾರಿ. ಕರ್ನಾಟಕದಲ್ಲಿ ಹತ್ತಲು ಮಂಜುಗಡ್ಡೆ ಇಲ್ಲ, ನಿಜ. ಆದರೆ ಹಿಮಾಲಯದ ಸ್ಪಿತಿ ಕಣಿವೆಯಲ್ಲಿಯೂ ಲಡಾಖಿನಲ್ಲಿಯೂ ಚಳಿಗಾಲದಲ್ಲಿ ಜಲಪಾತಗಳು ಹೆಪ್ಪುಗಟ್ಟಿ ಗೋಡೆಯಂತೆ ನಿಲ್ಲುತ್ತವೆ, ಅವನ್ನು ಹತ್ತುವುದೂ ಇಂದು ಒಂದು ಕ್ರೀಡೆ. ಎವರೆಸ್ಟನ್ನು 1953ರಲ್ಲಿ ತೇನ್ಸಿಂಗ್ ಮತ್ತು ಹಿಲರಿ ಏರಿದ ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯೂ, 1965ರಲ್ಲಿ ಉತ್ತರಕಾಶಿಯಲ್ಲಿ ನೆಹರು ಪರ್ವತಾರೋಹಣ ಸಂಸ್ಥೆಯೂ ಸ್ಥಾಪನೆಯಾದುವು. ಕನ್ನಡನಾಡಿನ ಬಂಡೆಯಲ್ಲಿ ಮೊದಲ ಪಾಠ ಕಲಿತವರು ಅಲ್ಲಿಗೆ ಹೋಗಿ ಮಂಜುಗಡ್ಡೆಯ ಪಾಠವನ್ನು ಕಲಿಯುವುದುಂಟು.

ಮೊದಲು ಬಂಡೆಯನ್ನೇ ನೋಡೋಣ. ಇಳಿಜಾರಾದ ಬಂಡೆಯ ಮೇಲೆ ನಿಂತ ಮನುಷ್ಯನ ತೂಕವನ್ನು ಎರಡು ಭಾಗವಾಗಿ ಒಡೆಯಬಹುದು. ಒಂದು ಭಾಗ ಬಂಡೆಯನ್ನು ಒತ್ತುತ್ತದೆ, ಇನ್ನೊಂದು ಅವನನ್ನು ಕೆಳಕ್ಕೆ ಜಾರಿಸುತ್ತದೆ. ಜಾರುವುದನ್ನು ತಡೆಯುವುದು ಘರ್ಷಣೆ. ಇದು ಒತ್ತುವ ಬಲಕ್ಕೆ ಅನುಪಾತವಾಗಿರುತ್ತದೆ, ಆ ಅನುಪಾತವನ್ನೇ ಘರ್ಷಣಾಂಕ ಎನ್ನುತ್ತೇವೆ. ಇಳಿಜಾರಿನ ಕೋನ ಹೆಚ್ಚಿದಷ್ಟೂ ಒತ್ತುವ ಭಾಗ ಕಡಮೆಯಾಗಿ ಜಾರಿಸುವ ಭಾಗ ಹೆಚ್ಚುವುದರಿಂದ, ಒಂದು ಕೋನದಲ್ಲಿ ಕಾಲು ಜಾರಲೇಬೇಕು. ಘರ್ಷಣಾಂಕ 1 ಆಗಿದ್ದರೆ ಆ ಕೋನ 45 ಅಂಶ, 0.5 ಆಗಿದ್ದರೆ ಸುಮಾರು 27 ಅಂಶ. ನಮ್ಮ ಬೆಟ್ಟಗಳ ಗ್ರಾನೈಟು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳ ಹರಳುಗಳಿಂದಾದದ್ದು. ಮಳೆ ಬಿಸಿಲಿಗೆ ಮೆದುವಾದ ಹರಳುಗಳು ಸವೆದು ಬೆಣಚಿನ ಹರಳುಗಳು ಅರದ ಹಲ್ಲಿನಂತೆ ಮೇಲೆದ್ದಿರುತ್ತವೆ. ಅಂಗಾಲಿನ ರಬ್ಬರು ಈ ಹಲ್ಲುಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ. ಒಣಗಿದ ಒರಟು ಬಂಡೆಯ ಮೇಲೆ ಒಳ್ಳೆಯ ರಬ್ಬರಿನ ಘರ್ಷಣಾಂಕ 1ಕ್ಕೆ ಸಮೀಪವಾಗಿರುವುದರಿಂದಲೇ ಕೈಯಲ್ಲಿ ಏನನ್ನೂ ಹಿಡಿಯದೆ ಬೋಳುಬಂಡೆಯ ಮೇಲೆ ನಡೆದುಹೋಗುವುದು ಸಾಧ್ಯ. ಅದೇ ಬಂಡೆಯ ಮೇಲೆ ಮಳೆಗಾಲದ ಪಾಚಿ ಕಟ್ಟಿತೆಂದರೆ ಆ ಅಂಕ ಎಷ್ಟಕ್ಕೆ ಇಳಿಯುವುದೆಂಬುದನ್ನು ಕೆರೆಯ ಸೋಪಾನದಲ್ಲಿ ಒಮ್ಮೆ ಜಾರಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕೋನ 45 ಅಂಶವನ್ನು ಮೀರಿದ ಮೇಲೆ ಬರಿಯ ಅಂಗಾಲಿನ ಘರ್ಷಣೆ ಸಾಲದು. ಆಗ ಬಂಡೆಯ ಬಿರುಕು, ಅಂಚು, ಹಳ್ಳಗಳನ್ನು ಕೈಬೆರಳುಗಳಿಂದ ಹಿಡಿಯಬೇಕು. ಅಂದರೆ ಬಂಡೆ ಹತ್ತುವವನು ಕಲ್ಲಿನಲ್ಲಿ ಈಗಾಗಲೇ ಇರುವ ಆಸರೆಯನ್ನು ಹುಡುಕುತ್ತಾನೆ. ಮಂಜುಗಡ್ಡೆಯಲ್ಲಿ ಹಾಗಲ್ಲ, ಅಲ್ಲಿ ಆಸರೆಯನ್ನು ಅವನೇ ಮಾಡಿಕೊಳ್ಳಬೇಕು.

ಮಂಜುಗಡ್ಡೆ ಏಕೆ ಜಾರುತ್ತದೆ? ಅನೇಕ ಪಠ್ಯಪುಸ್ತಕಗಳಲ್ಲಿ ಒಂದು ಉತ್ತರ ಬಹಳ ದಿನಗಳಿಂದ ಉಳಿದುಕೊಂಡು ಬಂದಿದೆ: ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಕೆಳಗಿಳಿಯುತ್ತದೆ, ಆದುದರಿಂದ ಕಾಲಿನಡಿಯ ಮಂಜುಗಡ್ಡೆ ಕರಗಿ ನೀರಾಗಿ ಜಾರುತ್ತದೆ ಎಂದು. ಮೊದಲನೆಯ ಮಾತು ಸತ್ಯ. ಎರಡನೆಯದನ್ನು ಲೆಕ್ಕಹಾಕಿ ನೋಡಬೇಕು. ಕರಗುವ ಬಿಂದುವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಲು ಸುಮಾರು 135 ವಾಯುಭಾರಗಳ ಒತ್ತಡ ಬೇಕು. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿ 200 ಚದರ ಸೆಂಟಿಮೀಟರ್ ವಿಸ್ತಾರದ ಒಂದು ಬೂಟಿನ ಮೇಲೆ ನಿಂತರೆ ಉಂಟಾಗುವ ಒತ್ತಡ ಸುಮಾರು 0.3 ವಾಯುಭಾರ ಮಾತ್ರ. ಇದರಿಂದ ಕರಗುವ ಬಿಂದು ಒಂದು ಡಿಗ್ರಿಯ ಸಾವಿರದ ಎರಡು ಪಾಲಿನಷ್ಟು ಇಳಿದೀತು. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ ಇರುವಾಗ ಇದು ಎಲ್ಲಿಗೂ ಸಾಲದು, ಆದರೂ ಕಾಲು ಜಾರುತ್ತದೆ! ಇಂಥ ಉತ್ತರಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯಬಹುದೇ ಹೊರತು ಮಂಜುಗಡ್ಡೆಯನ್ನು ಒಪ್ಪಿಸಲಾಗದು. ಮಂಜುಗಡ್ಡೆಯ ಹೊರಮೈಯ ಅಣುಗಳಿಗೆ ಒಂದು ಪಕ್ಕದಲ್ಲಿ ನೆರೆಯವರಿಲ್ಲದ ಕಾರಣ ಅವು ಒಳಗಿನ ಅಣುಗಳಷ್ಟು ಬಿಗಿಯಾಗಿ ಕಟ್ಟುಬಿದ್ದಿರುವುದಿಲ್ಲ. ಸೊನ್ನೆಗಿಂತ ಕೆಳಗೂ ದ್ರವದಂತೆ ವರ್ತಿಸುವ ಅತಿ ತೆಳುವಾದ ಪದರವೊಂದು ಅಲ್ಲಿರುತ್ತದೆ. ಇಂಥದೊಂದು ಪದರವಿರಬೇಕೆಂದು ಫ್ಯಾರಡೆ 1850ರಲ್ಲಿಯೇ ಊಹಿಸಿದ್ದನು. ಅದರ ಮೇಲೆ ಜಾರತೊಡಗಿದ ಕಾಲಿನ ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ನೀರನ್ನು ಒದಗಿಸುತ್ತದೆಂದು ಬೌಡನ್ ಮತ್ತು ಹ್ಯೂಸ್ 1939ರಲ್ಲಿ ತೋರಿಸಿದರು.

ಕಾರಣ ಯಾವುದಾದರೂ ಆಗಲಿ, ಘರ್ಷಣೆಯನ್ನು ನಂಬಿ ಮಂಜುಗಡ್ಡೆಯ ಗೋಡೆಯನ್ನು ಹತ್ತಲಾಗದು. ಬೇರೊಂದು ಉಪಾಯ ಬೇಕು. ಆ ಉಪಾಯ ಒತ್ತಡವೇ. ಆದರೆ ಕರಗಿಸುವ ಒತ್ತಡವಲ್ಲ, ಪುಡಿಮಾಡುವ ಒತ್ತಡ. ಬೂಟಿನ ಅಡಿಗೆ ಉಕ್ಕಿನ ಮುಳ್ಳುಗಳ ಚೌಕಟ್ಟೊಂದನ್ನು ಕಟ್ಟುತ್ತಾರೆ, ಇದಕ್ಕೆ ಕ್ರ್ಯಾಂಪಾನ್ ಎಂದು ಹೆಸರು. ಇಂಗ್ಲೆಂಡಿನ ಆಸ್ಕರ್ ಎಕೆನ್‌ಸ್ಟೈನ್ 1908ರಲ್ಲಿ ಹತ್ತು ಮುಳ್ಳುಗಳ ಚೌಕಟ್ಟನ್ನು ರೂಪಿಸಿದನು. 1929ರಲ್ಲಿ ಇಟಲಿಯ ಲೊರಾಂ ಗ್ರಿವೆಲ್ ಬೂಟಿನ ಮೂತಿಯಿಂದ ಮುಂದಕ್ಕೆ ಚಾಚಿದ ಇನ್ನೆರಡು ಮುಳ್ಳುಗಳನ್ನು ಸೇರಿಸಿದನು. ಗೋಡೆಗೆ ಎದುರಾಗಿ ನಿಂತು, ಬೂಟಿನ ತುದಿಯಿಂದ ಒದ್ದು, ಆ ಮುಳ್ಳುಗಳ ಮೇಲೆಯೇ ನಿಲ್ಲುವುದು ಅಂದಿನಿಂದ ಸಾಧ್ಯವಾಯಿತು. ಎರಡು ಕಾಲುಗಳ ಮುಂಚಾಚಿದ ನಾಲ್ಕು ಮುಳ್ಳುಗಳ ಮೊನೆಗಳ ಒಟ್ಟು ವಿಸ್ತಾರ 20 ಚದರ ಮಿಲಿಮೀಟರ್ ಎಂದಿಟ್ಟುಕೊಳ್ಳಿ. 60 ಕಿಲೋಗ್ರಾಂ ತೂಕಕ್ಕೆ, ಅಂದರೆ ಸುಮಾರು 600 ನ್ಯೂಟನ್ ಬಲಕ್ಕೆ, ಒತ್ತಡ ಸುಮಾರು 300 ವಾಯುಭಾರವಾಗುತ್ತದೆ. ಮಂಜುಗಡ್ಡೆ ಸಾಧಾರಣವಾಗಿ ಇದರ ಮೂರನೆಯ ಒಂದು ಪಾಲು ಒತ್ತಡಕ್ಕೇ ಪುಡಿಯಾಗತಕ್ಕದ್ದು. ಆದುದರಿಂದ ಮೊನೆ ಒಳಗಿಳಿಯುತ್ತದೆ. ಮೊನೆ ಹಿಂದಕ್ಕೆ ದಪ್ಪವಾಗುತ್ತಾ ಹೋಗುವುದರಿಂದ, ಇಳಿದಂತೆಲ್ಲ ಮುಟ್ಟುವ ವಿಸ್ತಾರ ಹೆಚ್ಚಿ ಒತ್ತಡ ತಗ್ಗಿ ಒಂದೆಡೆ ನಿಲ್ಲುತ್ತದೆ. ಅಷ್ಟು ಆಳದ ಗುಣಿಯೇ ಅವನು ತನಗೆ ತಾನೇ ಮಾಡಿಕೊಂಡ ಮೆಟ್ಟಿಲು.

ಕೈಗಳಿಗೂ ಹೀಗೆಯೇ. ಎರಡು ಕೈಗಳಲ್ಲಿ ಬಾಗಿದ ಮೂತಿಯ ಸಣ್ಣ ಪಿಕಾಸಿಗಳು, ಅವುಗಳ ಮೂತಿಯಲ್ಲಿ ಗರಗಸದಂಥ ಹಲ್ಲುಗಳು. ಇಲ್ಲಿ ಹೊಸಬರಿಗೂ ಪಳಗಿದವರಿಗೂ ಇರುವ ವ್ಯತ್ಯಾಸ ಬಹು ಬೇಗ ಗೊತ್ತಾಗುತ್ತದೆ. ಹೊಸಬನು ಸೌದೆ ಒಡೆಯುವವನಂತೆ ಬೀಸಿ ಹೊಡೆಯುತ್ತಾನೆ. ಕಡು ಚಳಿಯಲ್ಲಿ ಮಂಜುಗಡ್ಡೆ ಗಾಜಿನಂತೆ ಪೆಡಸು. ದೊಡ್ಡ ಏಟಿಗೆ ಮೂತಿ ಒಳಗಿಳಿಯುವ ಬದಲು ತಟ್ಟೆಯಗಲದ ಹೋಳೇ ಎದ್ದು ಮುಖಕ್ಕೆ ಬರುತ್ತದೆ. ಪಳಗಿದವನು ಈಗಾಗಲೇ ತಗ್ಗಾಗಿರುವ ಜಾಗವನ್ನು ಆರಿಸಿ ಮಣಿಕಟ್ಟಿನಿಂದ ಎರಡು ಸಣ್ಣ ಏಟು ಕೊಡುತ್ತಾನೆ. ಹೊಸಬನು ಭಯದಿಂದ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುತ್ತಾನೆ. ಆಗ ಬೂಟು ಸನ್ನೆಗೋಲಿನಂತಾಗಿ ಮುಳ್ಳುಗಳನ್ನು ಮೀಟಿ ಹೊರಕ್ಕೆ ತೆಗೆಯುತ್ತದೆ. ಹಿಮ್ಮಡಿಯನ್ನು ತಗ್ಗಿಸಿದಷ್ಟೂ ಮುಳ್ಳು ಭದ್ರ.

ಇಷ್ಟಾದರೂ ಮನುಷ್ಯ ಬೀಳುತ್ತಾನೆ. ಆಗ ಉಳಿಯುವುದು ಹಗ್ಗ. ಹಗ್ಗ ಗಟ್ಟಿಯಾಗಿದ್ದರೆ ಸಾಕು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿರುವ ಭಾವನೆ. ಮನೆಯಲ್ಲಿ ಬಿದ್ದಿದ್ದ ಕತ್ತಾಳೆ ನಾರಿನ ಹಗ್ಗವನ್ನೋ ಸಂತೆಯಿಂದ ತಂದ ಪ್ಲಾಸ್ಟಿಕ್ ಹಗ್ಗವನ್ನೋ ಹೆಗಲಿಗೆ ಸುತ್ತಿಕೊಂಡು ಬೆಟ್ಟಕ್ಕೆ ಹೊರಡುವ ಹುಡುಗರನ್ನು ನಾವು ಕಂಡಿದ್ದೇವೆ. ‘ಇದರಲ್ಲಿ ಎತ್ತನ್ನೇ ಕಟ್ಟುತ್ತೇವೆ, ನಾನು ಎತ್ತಿಗಿಂತ ಭಾರವೇ?’ ಎಂಬುದು ಅವರ ವಾದ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಆ ವಾದವೇ.

ಒಂದು ಸಣ್ಣ ಪ್ರಯೋಗ ಮಾಡಿ. ಹೊಲಿಗೆ ದಾರದ ತುದಿಗೆ, ಅದು ತಡೆಯುವಷ್ಟೇ ಭಾರದ ಕಲ್ಲೊಂದನ್ನು ಕಟ್ಟಿ ಮೆಲ್ಲಗೆ ತೂಗಬಿಡಿ, ದಾರ ಹರಿಯುವುದಿಲ್ಲ. ಅದೇ ಕಲ್ಲನ್ನು ಗೇಣುದ್ದ ಮೇಲಕ್ಕೆತ್ತಿ ಬಿಟ್ಟುಬಿಡಿ. ದಾರ ಪಟಕ್ಕನೆ ಹರಿಯುತ್ತದೆ. ಈಗ ದಾರಕ್ಕೂ ಕಲ್ಲಿಗೂ ನಡುವೆ ಒಂದು ರಬ್ಬರ್ ಪಟ್ಟಿಯನ್ನು ಸೇರಿಸಿ ಮತ್ತೆ ಅಷ್ಟೇ ಎತ್ತರದಿಂದ ಬಿಡಿ. ಈ ಸಲ ದಾರ ಉಳಿಯುತ್ತದೆ. ಕಲ್ಲು ಅದೇ, ದಾರ ಅದೇ, ಎತ್ತರವೂ ಅದೇ. ವ್ಯತ್ಯಾಸವಾದದ್ದು ಕಲ್ಲು ಎಷ್ಟು ದೂರದಲ್ಲಿ ನಿಂತಿತೆಂಬುದು ಮಾತ್ರ. ಬಿದ್ದು ಪಡೆದ ಶಕ್ತಿಯನ್ನು ಹಗ್ಗ ನುಂಗಬೇಕು. ನುಂಗುವ ಶಕ್ತಿಯು ಬಲ ಮತ್ತು ದೂರಗಳ ಗುಣಲಬ್ಧವಾದ್ದರಿಂದ, ದೂರ ಕಡಮೆಯಾದರೆ ಬಲ ಹೆಚ್ಚಲೇಬೇಕು. ಆದುದರಿಂದ ಹತ್ತುವವನಿಗೆ ಬೇಕಾದದ್ದು ಗಟ್ಟಿ ಹಗ್ಗ ಮಾತ್ರವಲ್ಲ, ಹಿಗ್ಗುವ ಹಗ್ಗ. ನೈಲಾನ್ ಎಳೆಗಳ ತಿರುಳು, ಅದರ ಮೇಲೆ ಹೆಣೆದ ಹೊದಿಕೆ, ಈ ಬಗೆಯ ಹಗ್ಗವನ್ನು ಜರ್ಮನಿಯ ಎಡೆಲ್‌ರಿಡ್ ಕಂಪೆನಿ 1953ರಲ್ಲಿ ಹೊರತಂದಿತು. ಅದಕ್ಕೂ ಹಿಂದೆ ಹಗ್ಗದ ಮೊದಲನೆಯವನು ಬೀಳಲೇಬಾರದೆಂಬುದು ಸಾಮಾನ್ಯ ಕಟ್ಟುಪಾಡಾಗಿತ್ತು.

ಇದನ್ನು ಸೂತ್ರವಾಗಿ ಬರೆಯೋಣ. ಹತ್ತುವವನ ತೂಕ ‘ತ’, ಹಗ್ಗ ಹಿಡಿದವನಿಂದ ಅವನವರೆಗೆ ಹರಿದಿರುವ ಹಗ್ಗದ ಉದ್ದ ‘ಉ’, ಹಗ್ಗ ಬಿಗಿಯಾಗುವ ಮುನ್ನ ಅವನು ಬಿದ್ದ ದೂರ ‘ಬ’. ಹಗ್ಗವು ಹುಕ್ಕನ ನಿಯಮದಂತೆ ಹಿಗ್ಗುವುದೆಂದೂ ಅದರ ಗಡಸುತನ ‘ಗ’ ಎಂದೂ ಇಟ್ಟುಕೊಳ್ಳೋಣ. (‘ಗ’ ಎಂದರೆ, ನಿಯಮ ಕೊನೆಯತನಕ ಸಲ್ಲುವುದಾದರೆ, ಹಗ್ಗವನ್ನು ಎರಡರಷ್ಟು ಉದ್ದಕ್ಕೆ ಎಳೆಯಲು ಬೇಕಾಗುವ ಬಲ.) ಬಿದ್ದವನು ಕಳೆದುಕೊಂಡ ಸ್ಥಾನಶಕ್ತಿಯೂ ಹಿಗ್ಗಿದ ಹಗ್ಗದಲ್ಲಿ ಸೇರಿದ ಶಕ್ತಿಯೂ ಸಮವೆಂದು ಬರೆದು ವರ್ಗಸಮೀಕರಣವನ್ನು ಬಿಡಿಸಿದರೆ ಹಗ್ಗದ ಅತಿ ಹೆಚ್ಚಿನ ಎಳೆತ ‘ಎ’ ದೊರೆಯುತ್ತದೆ:

ಎ = ತ × [ 1 + √( 1 + 2 × (ಗ ÷ ತ) × (ಬ ÷ ಉ) ) ]

ಈ ಸೂತ್ರದಲ್ಲಿ ‘ಬ’ ಮತ್ತು ‘ಉ’ ಬೇರೆ ಬೇರೆಯಾಗಿ ಎಲ್ಲಿಯೂ ಇಲ್ಲ. ಅವುಗಳ ಭಾಗಲಬ್ಧ ಮಾತ್ರ ಇದೆ. ಅದನ್ನು ಪತನಾಂಕ ಎಂದು ಕರೆಯೋಣ. ಎಷ್ಟು ಎತ್ತರದಿಂದ ಬಿದ್ದನೆಂಬುದು ಹಗ್ಗದ ಎಳೆತವನ್ನು ನಿರ್ಧರಿಸುವುದಿಲ್ಲ. ಆ ಎತ್ತರವನ್ನು ಹಂಚಿಕೊಳ್ಳಲು ಎಷ್ಟು ಹಗ್ಗವಿತ್ತೆಂಬುದೂ ಜೊತೆಗೆ ಬೇಕು.

60 ಕಿಲೋಗ್ರಾಂ ತೂಕದ ವಿದ್ಯಾರ್ಥಿಗೆ ‘ತ’ ಸುಮಾರು 600 ನ್ಯೂಟನ್. ಒಳ್ಳೆಯ ಪರ್ವತಾರೋಹಣದ ಹಗ್ಗಕ್ಕೆ ‘ಗ’ ಸುಮಾರು 24,000 ನ್ಯೂಟನ್ ಎಂದು ಹಿಡಿದರೆ ‘ಗ ÷ ತ’ ಎಂಬುದು 40. ಈಗ ಇಬ್ಬರು ಹತ್ತುವವರನ್ನು ಹೋಲಿಸೋಣ. ಇಬ್ಬರ ಜೊತೆಗಾರರೂ ಗೋಡೆಯ ನಡುವಿನ ಒಂದು ಕಟ್ಟೆಯಂಥ ಜಾಗದಲ್ಲಿ ನಿಂತು ಹಗ್ಗ ಹಿಡಿದಿದ್ದಾರೆ. ಮೊದಲನೆಯವನು ಜೊತೆಗಾರನಿಂದ 15 ಮೀಟರ್ ಮೇಲೆ ಹೋಗಿದ್ದಾನೆ. ಹಗ್ಗವನ್ನು ಅವನು ಕೊನೆಯದಾಗಿ ಗೋಡೆಗೆ ಸಿಕ್ಕಿಸಿದ ಆಧಾರ ಅವನಿಗಿಂತ 2.25 ಮೀಟರ್ ಕೆಳಗಿದೆ. ಬಿದ್ದರೆ ಆಧಾರದವರೆಗೆ 2.25, ಅದನ್ನು ದಾಟಿ ಮತ್ತೆ 2.25, ಒಟ್ಟು 4.5 ಮೀಟರ್ ಬೀಳುತ್ತಾನೆ. ಪತನಾಂಕ 0.3, ಎಳೆತ ಅವನ ತೂಕದ 6 ಪಾಲು. ಎರಡನೆಯವನು ಈಗಷ್ಟೇ ಹೊರಟು 2 ಮೀಟರ್ ಮೇಲೆ ಹೋಗಿದ್ದಾನೆ, ಅವನ ಏಕೈಕ ಆಧಾರ ಜೊತೆಗಾರನ ತಲೆಯ ಬಳಿ, ಹಗ್ಗ ಹೊರಟ ಜಾಗದಿಂದ ಅರ್ಧ ಮೀಟರ್ ಮೇಲೆ ಇದೆ. ಅವನು ಬೀಳುವುದು 3 ಮೀಟರ್ ಮಾತ್ರ. ಆದರೆ ಪತನಾಂಕ 1.5, ಎಳೆತ ಅವನ ತೂಕದ 12 ಪಾಲು. ಕಡಮೆ ಬಿದ್ದವನಿಗೆ ಎರಡರಷ್ಟು ಪೆಟ್ಟು! ಆ ಆಧಾರವನ್ನು ಅರ್ಧ ಮೀಟರಿನಲ್ಲಿ ಹಾಕಿ ಸುಮ್ಮನಾಗದೆ 1.7 ಮೀಟರಿನಲ್ಲಿ ಇನ್ನೊಂದನ್ನು ಹಾಕಿದ್ದರೆ ಪತನಾಂಕ 0.3ಕ್ಕೆ ಇಳಿದು ಎಳೆತ ಅರ್ಧವಾಗುತ್ತಿತ್ತು. ಹೊರಟ ಕೂಡಲೇ ಮೊದಲ ಆಧಾರಗಳನ್ನು ಒತ್ತೊತ್ತಾಗಿ ಹಾಕಬೇಕೆಂದು ಗುರುಗಳು ಗದರಿಸುವುದರ ಅರ್ಥ ಇಷ್ಟೇ.

ಕತ್ತಾಳೆ ಹಗ್ಗದ ವಿಚಾರಕ್ಕೆ ಬರೋಣ. ಪರ್ವತಾರೋಹಣದ ಹಗ್ಗಕ್ಕಿಂತ ಹತ್ತರಷ್ಟು ಗಡಸಾದ ಹಗ್ಗವೊಂದನ್ನು ಎರಡನೆಯವನು ಕಟ್ಟಿಕೊಂಡಿದ್ದನೆನ್ನಿ. ಸೂತ್ರದಲ್ಲಿ 40ರ ಬದಲು 400 ಹಾಕಿದರೆ ಎಳೆತ ತೂಕದ ಸುಮಾರು 36 ಪಾಲು, ಅಂದರೆ 21,000 ನ್ಯೂಟನ್‌ಗೂ ಮಿಕ್ಕುತ್ತದೆ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಪರೀಕ್ಷೆಯಲ್ಲಿ 80 ಕಿಲೋಗ್ರಾಂ ತೂಕವನ್ನು ಸುಮಾರು 1.77ರ ಪತನಾಂಕದಲ್ಲಿ ಬೀಳಿಸಿದಾಗಲೂ ಹಗ್ಗದ ಎಳೆತ 12,000 ನ್ಯೂಟನ್ನನ್ನು ಮೀರಕೂಡದು. ಆ ಮಿತಿಯನ್ನು ಇಟ್ಟಿರುವುದು ಹಗ್ಗದ ಮೇಲಿನ ಕನಿಕರದಿಂದಲ್ಲ, ಮನುಷ್ಯನ ಬೆನ್ನುಮೂಳೆಯ ಮೇಲಿನ ಕನಿಕರದಿಂದ. ಎತ್ತನ್ನು ಕಟ್ಟುವ ಹಗ್ಗ ಹರಿಯಬಹುದು. ಹರಿಯದೆ ಉಳಿದರೆ ಹುಡುಗನ ಸೊಂಟವೇ ಆ ಬಲವನ್ನೆಲ್ಲ ತಾಳಬೇಕು.

ನಮ್ಮ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪಳಗಿದವನು ಮುಂದೆ ಹತ್ತುತ್ತಾನೆ; ಅವನ ಹಗ್ಗ ಯಾವಾಗಲೂ ಅವನಿಗಿಂತ ಕೆಳಗಿನ ಆಧಾರಕ್ಕೆ ಸಿಕ್ಕಿರುತ್ತದೆ, ಆದುದರಿಂದ ಬಿದ್ದರೆ ಬೀಳುವ ದೂರವೊಂದು ಇದ್ದೇ ಇರುತ್ತದೆ. ಅವನು ತುದಿಯನ್ನು ಮುಟ್ಟಿ ಹಗ್ಗವನ್ನು ಭದ್ರಪಡಿಸಿದ ಮೇಲೆ ಹೊಸಬನು ಹತ್ತುತ್ತಾನೆ. ಹೊಸಬನ ಹಗ್ಗ ಮೇಲಿನಿಂದ ಬಂದಿರುತ್ತದೆ. ಹಗ್ಗ ಸಡಿಲವಿಲ್ಲದಿದ್ದರೆ ಪತನಾಂಕ ಸೊನ್ನೆ. ಸೂತ್ರದಲ್ಲಿ ಸೊನ್ನೆ ಹಾಕಿದರೆ ಎಳೆತ ತೂಕದ 2 ಪಾಲು. ಒಂದು ಪಾಲಲ್ಲವೆ ಎಂದು ಕೆಲವರು ಕೇಳಬಹುದು. ಕೈ ಬಿಟ್ಟವನು ಹಗ್ಗವನ್ನು ಹಿಗ್ಗಿಸುತ್ತಾ ಸಮತೋಲದ ಬಿಂದುವಿಗೆ ಬಂದಾಗ ಅವನಲ್ಲಿ ಇನ್ನೂ ವೇಗವಿರುತ್ತದೆ, ಆ ವೇಗ ಅಡಗುವ ವೇಳೆಗೆ ಅಷ್ಟೇ ದೂರ ಮತ್ತೆ ಇಳಿದಿರುತ್ತಾನೆ. ಹೀಗಾಗಿ ಎರಡು ಪಾಲು.

ಒಂದೇ ಎಚ್ಚರಿಕೆ. 20 ಮೀಟರ್ ಎತ್ತರದ ಗೋಡೆಯಲ್ಲಿ ಜೊತೆಗಾರನು ಕೆಳಗೆ ನಿಂತು, ಹಗ್ಗ ತುದಿಯ ಕೊಂಡಿಯ ಮೂಲಕ ಹೋಗಿ ಹಿಂದಿರುಗಿ ಬಂದಿದ್ದರೆ, ಹೊಸಬನು ನೆಲದ ಬಳಿಯಿರುವಾಗ ಸುಮಾರು 40 ಮೀಟರ್ ಹಗ್ಗ ಹರಿದಿರುತ್ತದೆ. ಒಂದು ಮೀಟರ್ ಸಡಿಲವಿದ್ದು ಬಿದ್ದನೆನ್ನಿ. ಪತನಾಂಕ 0.025 ಮಾತ್ರ, ಎಳೆತ ತೂಕದ ಸುಮಾರು 2.7 ಪಾಲು ಮಾತ್ರ. ಆದರೆ ಹಗ್ಗದ ಹಿಗ್ಗು? 40 ಮೀಟರಿಗೆ ಅದು 2.7 ಮೀಟರ್! ಸಡಿಲವನ್ನೂ ಸೇರಿಸಿದರೆ ಮೂರೂವರೆ ಮೀಟರಿಗಿಂತ ಕೆಳಗಿರುವವನು ಹಗ್ಗ ತಡೆಯುವ ಮೊದಲೇ ನೆಲವನ್ನು ಮುಟ್ಟುತ್ತಾನೆ. ಹಗ್ಗವನ್ನು ಮೃದುವಾಗಿಸಿದ ಗುಣವೇ ಇಲ್ಲಿ ತೊಡಕು. ಆದುದರಿಂದ ಮೊದಲ ಕೆಲವು ಮೀಟರುಗಳಲ್ಲಿ ಸಡಿಲವನ್ನು ಪೂರ್ತಿಯಾಗಿ ಎಳೆದುಕೊಂಡಿರಬೇಕು. ಬಂಡೆಯಾದರೆ ಬುಡದಲ್ಲಿ ಇನ್ನೊಬ್ಬರು ಕೈಚಾಚಿ ನಿಲ್ಲಬಹುದು. ಮಂಜುಗಡ್ಡೆಯಲ್ಲಿ ಬೀಳುವವನ ಕೈಕಾಲುಗಳಲ್ಲೆಲ್ಲ ಮುಳ್ಳುಗಳಿರುವ ಕಾರಣ ಹಾಗೆ ನಿಲ್ಲುವಂತೆಯೂ ಇಲ್ಲ. ನಿಜವಾದ ಹಗ್ಗ ಹುಕ್ಕನ ನಿಯಮವನ್ನು ಅಕ್ಷರಶಃ ಪಾಲಿಸುವುದಿಲ್ಲ, ಸಣ್ಣ ಎಳೆತಕ್ಕೆ ನಮ್ಮ ಲೆಕ್ಕಕ್ಕಿಂತ ಹೆಚ್ಚಾಗಿಯೇ ಹಿಗ್ಗುತ್ತದೆ. ಆದುದರಿಂದ ಎಚ್ಚರಿಕೆಯನ್ನು ಇನ್ನಷ್ಟು ಹೆಚ್ಚಿಸಬೇಕೇ ಹೊರತು ತಗ್ಗಿಸುವಂತಿಲ್ಲ.

ಹಗ್ಗ ಹಿಡಿದವನು ಬೀಳುವವನಿಗಿಂತ ಹಗುರವಾಗಿದ್ದರೆ ಹೇಗೆ ತಡೆದಾನು? ಹೋರಿಯನ್ನು ಕಟ್ಟುವ ರೈತನಿಗೆ ಈ ಗುಟ್ಟು ಗೊತ್ತು. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ತುದಿಯನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಘರ್ಷಣಾಂಕ 0.25 ಎಂದಾದರೆ ಎರಡು ಸುತ್ತಿಗೆ ಬಲ ಸುಮಾರು 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿನ ಆಧಾರದ ಕೊಂಡಿಯ ಮೇಲೆ ಹಗ್ಗ ಅರ್ಧ ಸುತ್ತು ತಿರುಗುವುದರಿಂದ ಅಲ್ಲಿಯೇ ಬಲ ಸುಮಾರು 2.2ರಲ್ಲಿ ಒಂದು ಪಾಲಾಗುತ್ತದೆ, ಉಳಿದದ್ದನ್ನು ಹಿಡಿದವನ ಸೊಂಟದಲ್ಲಿರುವ ಲೋಹದ ಸಲಕರಣೆ ಇನ್ನಷ್ಟು ತಗ್ಗಿಸುತ್ತದೆ. ಆದರೆ ಆ ಮೇಲಿನ ಕೊಂಡಿಯ ಗತಿಯನ್ನು ಗಮನಿಸಿ. ಅದನ್ನು ಎರಡು ಕಡೆಯ ಹಗ್ಗಗಳೂ ಕೆಳಕ್ಕೆ ಎಳೆಯುತ್ತವೆ. ಬಿದ್ದವನ ಕಡೆಯಿಂದ 7,200 ನ್ಯೂಟನ್ ಬಂದರೆ ಇನ್ನೊಂದು ಕಡೆಯಿಂದ ಸುಮಾರು 3,300, ಒಟ್ಟು 10,500. ಬಂಡೆಯ ಬಿರುಕಿನಲ್ಲಿ ಭದ್ರವಾಗಿ ಕುಳಿತ ಉಕ್ಕು ಇದನ್ನು ತಾಳೀತು. ಮಂಜುಗಡ್ಡೆಯಲ್ಲಿ ಆಧಾರವೆಂದರೆ ಟೊಳ್ಳಾದ ಒಂದು ತಿರುಪು. ಗಟ್ಟಿಯಾದ ನೀಲಿ ಮಂಜುಗಡ್ಡೆಯಲ್ಲಿ ಅದೂ 10,000 ನ್ಯೂಟನ್ನಿಗೆ ಮಿಕ್ಕಿ ತಾಳಬಲ್ಲದು. ಗಾಳಿಗುಳ್ಳೆಗಳು ತುಂಬಿದ ಬೆಳ್ಳಗಿನ ಮಂಜುಗಡ್ಡೆಯಲ್ಲಿ ತಾಳದು. ಬಿಸಿಲು ಬಿದ್ದರೆ ಲೋಹ ಕಾದು ತನ್ನ ಸುತ್ತಲಿನದನ್ನು ತಾನೇ ಕರಗಿಸಿಕೊಂಡು ಸಡಿಲವಾಗುವುದೂ ಉಂಟು. ಆದುದರಿಂದಲೇ, ಹಗ್ಗ ಎಷ್ಟೇ ಒಳ್ಳೆಯದಾಗಿರಲಿ, ಮಂಜುಗಡ್ಡೆಯ ಮೇಲೆ ಮೊದಲನೆಯವನು ಬೀಳಬಾರದೆಂಬ ಹಳೆಯ ಕಟ್ಟುಪಾಡು ಅಲ್ಲಿ ಇಂದಿಗೂ ಉಳಿದುಬಂದಿದೆ.

ಆಧಾರವೇ ಇಲ್ಲದೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡರೆ ಏನಾಗುವುದೆಂಬುದಕ್ಕೆ 1865ರ ಜುಲೈ 14ರಂದು ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರದಲ್ಲಿ ನಡೆದದ್ದು ಸಾಕ್ಷಿ. 4,478 ಮೀಟರ್ ಎತ್ತರದ ಆ ಶಿಖರವನ್ನು ಮೊಟ್ಟಮೊದಲು ಏರಿದ ಏಳು ಜನ ಒಂದೇ ಹಗ್ಗದಲ್ಲಿ ಇಳಿಯುತ್ತಿದ್ದರು. ಅವರಲ್ಲಿ ಹ್ಯಾಡೋ ಎಂಬ 19 ವರ್ಷದ ತರುಣ ಹೊಸಬ. ಅವನ ಕಾಲು ಜಾರಿ ಮುಂದಿದ್ದ ಕ್ರೋ ಎಂಬ ನುರಿತ ಮಾರ್ಗದರ್ಶಿಗೆ ಬಡಿಯಿತು. ಇಬ್ಬರ ಭಾರಕ್ಕೆ ಹಿಂದಿದ್ದ ಹಡ್ಸನ್, ಅವನ ಹಿಂದಿದ್ದ ಡಗ್ಲಸ್ ಸಾಲಾಗಿ ಕಿತ್ತುಬಂದರು. ಐದನೆಯವನಾದ ಹಿರಿಯ ಟಾಗ್‌ವಾಲ್ಡರ್ ಬಂಡೆಯನ್ನು ತಬ್ಬಿ ನಿಂತನು. ಅವನಿಗೂ ಡಗ್ಲಸ್‌ನಿಗೂ ನಡುವಿನ ಹಗ್ಗ ಹರಿಯಿತು. ನಾಲ್ವರು ಸತ್ತರು. ಹಗ್ಗ ಹರಿಯದಿದ್ದರೆ ಅವರ ಹಿಂದಿದ್ದ ತಂಡದ ನಾಯಕ ವಿಂಪರ್, ಕಿರಿಯ ಟಾಗ್‌ವಾಲ್ಡರ್ ಇವರ ಗತಿಯೂ ಬೇರೆಯಾಗಿರುತ್ತಿತ್ತೇನೋ. ತಂಡದ ಬಳಿ ಮೂರು ಬಗೆಯ ಹಗ್ಗಗಳಿದ್ದುವು, ಹರಿದದ್ದು ಅವುಗಳಲ್ಲಿ ಅತಿ ದುರ್ಬಲವಾದದ್ದು. ಅದರ ತುಂಡನ್ನು ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಏಳು ಜನರನ್ನು ಬಿಗಿದ ಆ ಹಗ್ಗವನ್ನು ಎಲ್ಲಿಯಾದರೂ ಒಂದು ಕಡೆ ಬಂಡೆಗೆ ಬಿಗಿದಿದ್ದರೆ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಆ ಕಾಲದಲ್ಲಿ ಅಂಥ ಪದ್ಧತಿ ಇನ್ನೂ ಬೆಳೆದಿರಲಿಲ್ಲ.

ಇನ್ನು ವೇಳೆಯ ವಿಚಾರ. ಬಂಡೆಗೂ ಮಂಜುಗಡ್ಡೆಗೂ ಬೆಳಗಿನ ಜಾವವೇ ಸರಿ, ಆದರೆ ಕಾರಣಗಳು ಬೇರೆ. ನಮ್ಮ ಬೆಟ್ಟಗಳಲ್ಲಿ ಬೇಸಗೆಯ ಹನ್ನೊಂದು ಗಂಟೆಗೇ ಕಲ್ಲು ಕಾದು, ಬೆರಳು ಬೆವರಿ ಹಿಡಿತ ತಪ್ಪುತ್ತದೆ. ಸ್ಪಿತಿಯಲ್ಲಾದರೆ ಬಿಸಿಲು ಗೋಡೆಗೆ ತಾಗಿದೊಡನೆ ಮೇಲಿನಿಂದ ಹೋಳುಗಳು ಕಳಚತೊಡಗುತ್ತವೆ. ಹತ್ತುವವನ ಪಿಕಾಸಿಯೂ ಹೋಳುಗಳನ್ನು ಎಬ್ಬಿಸುತ್ತಲೇ ಇರುತ್ತದೆ. 20 ಮೀಟರ್ ಮೇಲಿನಿಂದ ಬಿದ್ದ ಒಂದು ಕಿಲೋಗ್ರಾಂ ಹೋಳು ಕೆಳಗೆ ಬರುವಾಗ ಅದರ ವೇಗ ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿಲೋಮೀಟರ್. ಕ್ರಿಕೆಟ್ ಚೆಂಡಿನ ಆರರಷ್ಟು ತೂಕ ಅದಕ್ಕೆ. ಆದುದರಿಂದ ಹಗ್ಗ ಹಿಡಿಯುವವನು ಹತ್ತುವವನ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಬೇಕು, ನೆಲದ ಮೇಲಿರುವವರೂ ಶಿರಸ್ತ್ರಾಣವನ್ನು ಧರಿಸತಕ್ಕದ್ದು.

ಬಂಡೆ ಹತ್ತುವ ಶಿಕ್ಷಣವನ್ನು ಕ್ರಮವಾಗಿ ಪಡೆಯಬೇಕೆನ್ನುವವರಿಗೆ ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿ ಬೆರಗಾಗಬಹುದು; ಆದರೆ ಹಗ್ಗವಿಲ್ಲದವನ ಲೆಕ್ಕಕ್ಕೆ ನಮ್ಮ ಸೂತ್ರದಲ್ಲಿ ಜಾಗವಿಲ್ಲ.

ಅಭ್ಯಾಸಕ್ಕೆ ಒಂದು ಲೆಕ್ಕ: ಜೊತೆಗಾರನು ಕಟ್ಟೆಯಂಥ ಜಾಗದಲ್ಲಿ ನಿಂತಿದ್ದಾನೆ, ಮುಂದೆ ಹೊರಟವನು ಒಂದು ಆಧಾರವನ್ನೂ ಹಾಕದೆ 4 ಮೀಟರ್ ಏರಿ, ಕೈ ತಪ್ಪಿ, ಜೊತೆಗಾರನನ್ನು ದಾಟಿ ಕೆಳಕ್ಕೆ ಬಿದ್ದನು. ತೂಕ 60 ಕಿಲೋಗ್ರಾಂ. ಹಗ್ಗ ಮೇಲೆ ಹೇಳಿದ್ದೇ. ಪತನಾಂಕ ಎಷ್ಟು? ಎಳೆತ ಎಷ್ಟು? ಅವನು 40 ಮೀಟರ್ ಏರಿ ಹಾಗೆಯೇ ಬಿದ್ದಿದ್ದರೆ ಎಳೆತ ಎಷ್ಟಾಗುತ್ತಿತ್ತು? (ಉತ್ತರ: ಪತನಾಂಕ 2, ಎಳೆತ ತೂಕದ ಸುಮಾರು 13.7 ಪಾಲು, ಎಂದರೆ ಸುಮಾರು 8,200 ನ್ಯೂಟನ್. ಎರಡು ಸಂದರ್ಭಗಳಲ್ಲಿಯೂ ಅಷ್ಟೇ.)